ನಾನು ಕೂರಿಸಿದ ಮೆಟ್ಟಿಲು

ಅಪ್ಪಾ,

ಇವತ್ತು ನಮ್ಮೂರ ಸುಣ್ಣದ ಕಲ್ಲಿನ ಗಣಿಯ ಚರಿತ್ರೆ ಬರೆಯುವ ಮೇಷ್ಟ್ರು ಬಂದಿದ್ದರು. ನಿನ್ನ ತಾತ ಮೊದಲ ಗುಂಡಿ ತೋಡಿದ್ದರಿಂದ ಹಿಡಿದು ಗಣಿ ಮುಚ್ಚಿ ನೀರು ತುಂಬಿಕೊಂಡ ವರ್ಷದವರೆಗೆ ಗೊತ್ತಿದ್ದಷ್ಟು ಹೇಳಿದೆ. ಅವರು ಬರೆದುಕೊಂಡೇ ಬರೆದುಕೊಂಡರು. ನೀನು ಕೂರಿಸಿದ ಶಾಲೆಯ ಮೆಟ್ಟಿಲುಗಳನ್ನೂ ತೋರಿಸಿದೆ. ನಲವತ್ತು ವರ್ಷ ಮಕ್ಕಳು ಕುಣಿದರೂ ಒಂದು ಚಕ್ಕೆ ಎದ್ದಿಲ್ಲ.

ಆಮೇಲೆ ಕಾಫಿಗೆಂದು ಮನೆಗೆ ಕರೆತಂದದ್ದೇ ತಪ್ಪಾಯಿತು. ಬಾಗಿಲ ಮುಂದಿನ ಮೆಟ್ಟಿಲು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತಿದೆ.

“ಇದನ್ನ ಯಾರು ಕೂರಿಸಿದ್ದು?” ಎಂದರು ಮೇಷ್ಟ್ರು.

“ಅಪ್ಪ,” ಎಂದುಬಿಟ್ಟೆ.

ಅವತ್ತು ನಾನು ಅದನ್ನು ಕೂರಿಸುವಾಗ, ಕಲ್ಲು ನೆಲದೊಳಗೆ ಹೇಗೆ ಮಲಗಿತ್ತೋ ಹಾಗೇ ಮಲಗಿಸಬೇಕು, ಪದರ ನೆಟ್ಟಗೆ ನಿಲ್ಲಿಸಿದರೆ ನೀರು ಇಳಿದು ಸೀಳುತ್ತದೆ ಎಂದು ನೀನು ಬಡಕೊಂಡೆ. ನುಣುಪಾದ ಮಗ್ಗುಲೇ ಮೇಲಿರಲಿ ಎಂದು ನಾನು ಹಟ ಹಿಡಿದೆ. “ನಿನ್ನ ಕಾಲ ಮುಗೀತಪ್ಪ, ಸುಮ್ನಿರು” ಎಂದೆ. ನೀನು ಸುಮ್ಮನಾದೆ. ಆ ಮೆಟ್ಟಿಲು ತುಳಿಯದೆ ಕೊನೆಯವರೆಗೂ ಹಿಂಬಾಗಿಲಲ್ಲೇ ಓಡಾಡಿದೆ. ಮುದುಕನ ಮೊಂಡುತನ ಎಂದು ನಾನು ಎಲ್ಲರೆದುರು ನಗಾಡಿದೆ.

ಮೇಷ್ಟ್ರು ಬಗ್ಗಿ ಕಲ್ಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

“ಶಾಲೆ ಮೆಟ್ಟಿಲು ಕೂರಿಸಿದ ಕೈ ಇದನ್ನ ಮಾಡಿರಲ್ಲ ಬಿಡಿ,” ಎಂದರು.

ಅವರನ್ನು ಬಸ್ಸು ಹತ್ತಿಸಿ ಬಂದವನು ಮನೆ ಸುತ್ತಿಕೊಂಡು ಹೋಗಿ ಹಿಂಬಾಗಿಲು ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು. ನೀನು ಹೋದ ಮೇಲೆ ಅದನ್ನು ಯಾರೂ ತೆಗೆದೇ ಇಲ್ಲ.