ಇಪ್ಪತ್ತೇಳರಲ್ಲೇ ನಿಂತ ಯುವಕರು

ತಾಲ್ಲೂಕಿನ ಯುವಜನರ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬೈರಕೂರಿನ ಪಕ್ಕದ ನಮ್ಮ ಹಳ್ಳಿಯ ಯುವಕ ಸಂಘದಲ್ಲಿ ಒಬ್ಬ ಯುವಕನೂ ಇಲ್ಲ. ಇರುವ ಹದಿನೈದು ಸದಸ್ಯರಲ್ಲಿ ಹನ್ನೊಂದು ಮಂದಿ ತಾತಂದಿರಾಗಿದ್ದಾರೆ. ಸಂಘದ ಕೋಣೆಯ ಬೀಗದ ಕೈ ಅವರ ಹತ್ತಿರವೇ ಇದೆ. ಪರೀಕ್ಷೆಗೆ ಓದಲು ಆ ಕೋಣೆ ಬೇಕೆಂದು ಕೇಳುತ್ತಿರುವ ನಾವು ಒಂಬತ್ತು ಜನ ಹೊರಗಿದ್ದೇವೆ. ಇದನ್ನು ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನಿಮ್ಮ ಕಚೇರಿಗೆ ಎರಡು ಸಲ ಬಂದು, ಬಾಗಿಲ ಬಳಿಯ ನೋಟಿಸುಗಳನ್ನೆಲ್ಲ ಓದಿ ಮುಗಿಸಿ ವಾಪಸಾಗಿದ್ದೇನೆ. ಅದಕ್ಕೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಮ್ಮ ಸದಸ್ಯತ್ವದ ಅರ್ಜಿಗೆ ನೀವು ಕಳಿಸಿದ ಉತ್ತರ ಬಹಳ ಸೊಗಸಾಗಿತ್ತು. ಕನ್ನಡ ಎಂ.ಎ. ಮಾಡಿದವಳಾಗಿ ಮೆಚ್ಚಿದೆ. ‘ಸಂಘದ ಸದಸ್ಯರ ಸಂಖ್ಯೆ ಭರ್ತಿಯಾಗಿರುತ್ತದೆ. ಹಾಲಿ ಸದಸ್ಯರು ಮೂವತ್ತೈದು ವರ್ಷ ದಾಟಿದಾಗ ತೆರವಾಗುವ ಸ್ಥಾನಕ್ಕೆ ನಿಮ್ಮನ್ನು ಪರಿಗಣಿಸಲಾಗುವುದು.’ ನ್ಯಾಯವಾದ ಮಾತು. ಆದರೆ ಅವರು ದಾಟುವುದು ಯಾವಾಗ?

ಉತ್ತರ ನನ್ನ ಕೈಗೇ ಬಂತು. ಸಂಘದ ಅಧ್ಯಕ್ಷರಾದ ನರಸಿಂಹಪ್ಪನವರು ದೂರದ ಸಂಬಂಧದಲ್ಲಿ ನನಗೆ ಮಾವ. ವರ್ಷಕ್ಕೊಮ್ಮೆ ನಿಮ್ಮ ಕಚೇರಿಗೆ ಸದಸ್ಯರ ಪಟ್ಟಿ ಕೊಡಬೇಕಲ್ಲ, ಈ ಸಲ ಅದನ್ನು ಬರೆದುಕೊಡಲು ನನ್ನನ್ನು ಕರೆದರು.

“ಏಮ್ಮಾ ರಂಜಿತ, ನಿನ್ನ ಅಕ್ಷರ ಚೆನ್ನಾಗೈತೆ. ಹೋದ್ವರ್ಷದ್ದು ಹೆಂಗೈತೋ ಹಂಗೇ ಇಳಿಸ್ಬಿಡು. ಒಂದಕ್ಷರ ಬದಲಾದ್ರೂ ಆಫೀಸ್ನಾಗೆ ಸೀಲ್ ಹಾಕಲ್ಲ.”

“ಮಾವ, ಇಲ್ಲಿ ನಿಮ್ಮ ವಯಸ್ಸು ಇಪ್ಪತ್ತೇಳು ಅಂತಿದೆ.”

“ಇರ್ಲಿ ಬಿಡಮ್ಮ. ಅದನ್ನ ಮುಟ್ಟಬೇಡ.”

ಪಕ್ಕದಲ್ಲಿದ್ದ ಅವರ ಮಗ ಕದಿರೇಶ ಇಣುಕಿ ನೋಡಿದ. ನಮ್ಮ ಒಂಬತ್ತು ಜನರಲ್ಲಿ ಅವನೂ ಒಬ್ಬ, ಅವನಿಗೆ ಇಪ್ಪತ್ತೊಂಬತ್ತು. “ಅಪ್ಪಾ, ಇನ್ಮೇಲೆ ನನ್ನ ಅಣ್ಣಾ ಅನ್ಬೇಕು ನೀನು. ನಾನು ಬಂದ್ರೆ ಎದ್ದು ನಿಂತ್ಕೋಬೇಕು.”

“ಮುಚ್ಕೊಂಡು ಆ ಟೊಮೆಟೊ ಬಾಕ್ಸ್ ಎತ್ಲಾ!” ಎಂದರು ಮಾವ. ಬಾಕ್ಸುಗಳಿಗೆ ಮಾತ್ರ ಸಂಘದ ಕೋಣೆಯಲ್ಲಿ ಜಾಗವಿದೆ.

ಮಾನ್ಯರೇ, ಇಪ್ಪತ್ತೊಂಬತ್ತರ ಮಗನಿರುವ ಇಪ್ಪತ್ತೇಳರ ತಂದೆಗೆ ನಿಮ್ಮ ಕಚೇರಿ ವರ್ಷವೂ ತಪ್ಪದೆ ಸೀಲು ಹಾಕಿದೆ. ಇಂಥ ಯೌವನ ತಪಸ್ಸು ಮಾಡಿದ ಋಷಿಗಳಿಗೂ ಸಿಕ್ಕಿರಲಾರದು. ನಮ್ಮ ವಯಸ್ಸನ್ನಾದರೆ ನೇಮಕಾತಿಯ ಪ್ರಕಟಣೆಯಲ್ಲಿ ತಿಂಗಳು, ದಿನಗಳ ಸಮೇತ ಎಣಿಸುತ್ತಾರೆ. ಪರೀಕ್ಷೆ ಒಂದು ವರ್ಷ ಮುಂದೆ ಹೋದರೆ ನಮಗಾಗಿ ಯಾರಾದರೂ ಹಳೆಯ ವಯಸ್ಸನ್ನೇ ಬರೆದುಕೊಳ್ಳುತ್ತಾರೆಯೇ? ನಾನು ಎರಡು ಸಲ ಶಿಕ್ಷಕರ ಪರೀಕ್ಷೆ ಬರೆದು ಕೆಲವೇ ಅಂಕಗಳಿಂದ ಸೋತಿದ್ದೇನೆ. ಇನ್ನು ನಾಲ್ಕು ತಿಂಗಳಿಗೆ ಮೂರನೆಯದು. ಇದೇ ಕೊನೆ ಎಂದು ಮನೆಯಲ್ಲಿ ಹೇಳಿಯಾಗಿದೆ. ಈಗ ಶಾಲೆಯ ಜಗಲಿಯಲ್ಲಿ ಓದುತ್ತೇವೆ, ಆರು ಗಂಟೆಗೆ ಗೇಟಿಗೆ ಬೀಗ ಬೀಳುತ್ತದೆ. ಮನೆಯಲ್ಲಿರುವುದು ಒಂದೇ ಕೋಣೆ, ಅದರಲ್ಲಿ ಟಿವಿ, ಟಿವಿಯ ಮುಂದೆ ಅಜ್ಜಿ.

ಮಾವನನ್ನು ದೂರಲು ನನಗೆ ಮನಸ್ಸಿಲ್ಲ. “ಆಗಿನ ದೊಡ್ಡೋರು ನಮ್ಮನ್ನ ಚಾವಡಿ ಮೆಟ್ಲೂ ಹತ್ತಿಸ್ತಿರಲಿಲ್ಲ ಕಣಮ್ಮ. ಅದಕ್ಕೇ ನಾವೇ ಕಲ್ಲು ಹೊತ್ತು ಈ ರೂಮು ಕಟ್ಕೊಂಡ್ವಿ” ಎಂದು ಅವರು ಅಂಗೈಯ ಹಳೆಯ ಗಾಯ ತೋರಿಸಿದರು. ಹೆಮ್ಮೆಯಾಯಿತು. ಹಾಗಾದರೆ ನಮ್ಮನ್ನು ಯಾಕೆ ಹತ್ತಿಸುತ್ತಿಲ್ಲ ಮಾವ ಎಂದು ಕೇಳಬೇಕಿತ್ತು. ಇಪ್ಪತ್ತೇಳು ಎಂದೇ ಬರೆದುಕೊಟ್ಟೆ. ಪಟ್ಟಿ ಈಗ ನಿಮ್ಮ ಮೇಜಿನ ಮೇಲಿದೆ. ಈ ವರ್ಷದ ತಪ್ಪು ನನ್ನ ಅಕ್ಷರದಲ್ಲಿದೆ.

ಆದ್ದರಿಂದ, ಸೀಲು ಹಾಕುವ ಮೊದಲು ಒಂದು ಭಾನುವಾರ ನಮ್ಮೂರಿಗೆ ಬನ್ನಿ. ಕೋಣೆಯ ಮುಂದೆ ಹದಿನೈದು ಸದಸ್ಯರನ್ನೂ ಕರೆದು ವಯಸ್ಸು ಕೇಳಿ. ದಾಟಿದವರ ಜಾಗವನ್ನೂ ಬೀಗದ ಕೈಯನ್ನೂ ನಮಗೆ ಕೊಡಿಸಿ. ಸಂಜೆಯ ಕೇರಂ ಆಟಕ್ಕೆ ಅವರು ಧಾರಾಳವಾಗಿ ಬರಲಿ, ನಾವು ಮೂಲೆಯಲ್ಲಿ ಓದಿಕೊಳ್ಳುತ್ತೇವೆ. ಹುಟ್ಟಿದ ದಿನಕ್ಕೆ ದಾಖಲೆಯಿಲ್ಲ ಎಂದು ಅವರು ಹೇಳಬಹುದು. ಚಿಂತೆ ಬೇಡ. ಅವರಲ್ಲಿ ಬಹುಪಾಲು ಜನರ ತಾಯಂದಿರಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಮುನಿಯಲ್ಲಮ್ಮಜ್ಜಿ ತೊಂಬತ್ತರ ಹತ್ತಿರವಿದ್ದರೂ ಗಟ್ಟಿಯಾಗಿದ್ದಾರೆ. ಕೇಳಿಕೊಂಡು ಬಂದಿದ್ದೇನೆ. ಒಂದು ಕುರ್ಚಿ ಹಾಕಿಸಿದರೆ ಸಾಕಂತೆ, ಯಾರು ಯಾವ ವರ್ಷ ಹುಟ್ಟಿದರು, ಹುಟ್ಟಿದಾಗ ಎಷ್ಟು ಅತ್ತರು ಎಂಬುದನ್ನೂ ಹೇಳುತ್ತಾರಂತೆ.

ಇಂತಿ,
ಆ ದಿನ ಮಾವನ ಕಣ್ಣಿಗೆ ಬೀಳದಂತೆ ಎಲ್ಲರ ಹಿಂದೆ ನಿಲ್ಲಲಿರುವ
ರಂಜಿತ