ಕರಬಸಪ್ಪನ ಗೋಡೆಯ ಮೇಲೆ ಮೂವತ್ತಮೂರು ಗೋಪದ್ಮ

ಸವಣೂರು
೧೨ ನವೆಂಬರ್ ೧೯೮೩, ಶನಿವಾರ

ಮೈ ಡಿಯರ್ ಡಾಟರ್ ಚಿ. ಸೌ. ಇಂದಿರಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಾನು ಆರಾಮ ಇದ್ದೇನೆ. ಎಡ ಮೊಣಕಾಲು ಮಾತ್ರ ತಕರಾರು ಮಾಡುತ್ತಿದೆ. ಕಾರಣ ಒಂದು ಏಣಿ, ಆಮೇಲೆ ಬರೆಯುತ್ತೇನೆ.

ನಿನ್ನ ಪತ್ರ ಗುರುವಾರ ಮುಟ್ಟಿತು. ಮೂರೇ ಸಾಲು. ಅವ್ವನ ರಂಗೋಲಿಯನ್ನು ಹತ್ತಿಮತ್ತೂರಿನ ದಾರೂ ಅಂಗಡಿಯ ಗೋಡೆಗೆ ಬರೆಸಿದ್ದು ಖರೆಯೇನು ಎಂದು ಒಂದು ಸಾಲು. ಅವಳ ಶ್ರಾದ್ಧಕ್ಕೆ ನೀನು ಬರುವುದರೊಳಗೆ ಅಳಿಸಿರಬೇಕು ಎಂದು ಇನ್ನೊಂದು. ಮೂರನೆಯದು ಸಹಿ. ಶಾರ್ಟ್ ಅಂಡ್ ಸ್ವೀಟ್ ಎನ್ನುತ್ತಿದ್ದರು ನಮ್ಮ ಕಾಲೇಜಿನಲ್ಲಿ; ನಿನ್ನದು ಶಾರ್ಟ್ ಅಷ್ಟೇ. ಯಾರು ಹೇಳಿದರು ಎಂದು ಕೇಳುವುದಿಲ್ಲ. ಸವಣೂರಿನ ಖಾರದ ಹಾಗೆ ಇಲ್ಲಿಯ ಸುದ್ದಿಯೂ ಪೊಟ್ಟಣ ಕಟ್ಟಿಸಿಕೊಂಡು ಎಲ್ಲ ಊರಿಗೂ ಹೋಗುತ್ತದೆ.

ಖರೆ ಇದೆ. ಆದರೆ ಅದು ದಾರೂ ಅಂಗಡಿಯಲ್ಲ. ಕರಬಸಪ್ಪ ನನ್ನ ಸಾಲೆಯ ಗೆಳೆಯ, ನಿನಗೆ ಗೊತ್ತು. ಐದು ವರ್ಷದಿಂದ ದ್ರಾಕ್ಷಿ ಬೆಳೆಯುತ್ತಾನೆ. ಈಗ ಸರಕಾರದ ಪರವಾನಿಗೆ ತೆಗೆದುಕೊಂಡು ವೈನ್ ಮಾಡುತ್ತಾನೆ. ಹುಬ್ಬಳ್ಳಿಯ ಹೋಟೆಲಿನವರು ಬಂದು ರುಚಿ ನೋಡಿ ಕೊಳ್ಳಲಿ ಎಂದು ತೋಟದಲ್ಲಿ ಒಂದು ಕೋಣೆ ಕಟ್ಟಿಸಿದ್ದಾನೆ. ಟೇಸ್ಟಿಂಗ್ ರೂಮ್ ಎಂದು ಅದಕ್ಕೆ ಬೋರ್ಡು ಬರೆದವನು ನಾನೇ. ಧಾರವಾಡದಲ್ಲಿ ಎರಡು ವರ್ಷ ಬೆಂಚು ಸವೆಸಿದ್ದಕ್ಕೆ ನಲವತ್ತು ವರ್ಷದ ಮೇಲೆ ಒಂದು ಬೋರ್ಡಿನ ಫಲ ಬಂತು.

ದಸರೆಯ ಹೊತ್ತಿಗೆ ಕರಬಸಪ್ಪ ಬಂದು, "ರಾಯರ, ಗ್ವಾಡಿ ಬೋಳ ಬೋಳ ಅದಾವ್ರಿ. ಬಂದ ಮಂದಿಗೆ ಜೇಲಿನ್ಯಾಗ ಕುಂತಂಗ ಆಕ್ಕತಿ" ಎಂದ. ಅವನ ತೋಟದ ಆಳು ಹೊಳೆವ್ವ ಒಂದು ಗೋಡೆಗೆ ತಾನು ಹೊಲಿದ ಕೌದಿ ತೂಗುಹಾಕಿದಳು. ಇನ್ನೊಂದಕ್ಕೆ ಕೆಮ್ಮಣ್ಣು ಬಳಿದು ಸುಣ್ಣದಿಂದ ಗಿಣಿ, ಇರುವೆ ಸಾಲು, ದ್ರಾಕ್ಷಿ ಬಳ್ಳಿ ಬರೆದಳು. ಮೂರನೆಯ ಗೋಡೆ ಉಳಿಯಿತು. ನಾನು ಮನೆಗೆ ಬಂದು ಪೆಟ್ಟಿಗೆ ತೆಗೆದು ನಿನ್ನ ಅವ್ವನ ನೋಟಬುಕ್ಕು ಒಯ್ದೆ. ಯಾರೂ ಕೇಳಿರಲಿಲ್ಲ. ನಾನೇ ಒಯ್ದೆ. ನಿನ್ನನ್ನು ಕೇಳಬೇಕಿತ್ತು, ಅದು ನನ್ನ ತಪ್ಪು.

ಕಡೆಯ ಚಾತುರ್ಮಾಸದಲ್ಲಿ ಅವಳಿಗೆ ನೆಲಕ್ಕೆ ಬಗ್ಗಲು ಆಗದೆ, ಆಕಳ ಹೆಜ್ಜೆಯಂಥ ಆ ಗೋಪದ್ಮಗಳನ್ನು ದಿನಕ್ಕೆ ಮೂವತ್ತಮೂರರಂತೆ ಹಾಸಿಗೆಯಲ್ಲೇ, ನಿನ್ನ ಸಾಲೆಯ ನೋಟಬುಕ್ಕಿನಲ್ಲಿ ಬರೆದದ್ದು ನಿನಗೆ ಗೊತ್ತಿದೆ. ಗೊತ್ತಿಲ್ಲದ್ದು ಇದು. ಅದಕ್ಕೂ ಮೊದಲು, ಕೈಕಾಲು ಗಟ್ಟಿ ಇದ್ದಾಗ, ಒಂದು ಮುಂಜಾನೆ ತುಳಸಿಯ ಮುಂದೆ ಸೆಗಣಿ ಸಾರಿಸುತ್ತ ಅಂದಿದ್ದಳು: "ಇಷ್ಟು ವರ್ಷಾತು, ನಾ ಬರದದ್ದನ್ನ ಮರುದಿನಾ ನಾನೇ ಬಳೀತೇನಿ ನೋಡ್ರಿ. ಒಂದರೆ ಗ್ವಾಡಿ ಕೊಡಸ್ರಿ ನನಗ, ಉಳಿಯೋದು." ನಮ್ಮದು ಬಾಡಿಗೆ ಮನೆ, ಮಾಲಕರು ಮೊಳೆ ಬಡಿಯಲೂ ಬಿಡುತ್ತಿರಲಿಲ್ಲ. ಬರುವ ವರ್ಷ ನೋಡೋಣ ಎಂದೆ. ಪ್ರತಿ ವರ್ಷವೂ ಹಾಗೇ ಎಂದೆ.

ಹೊಳೆವ್ವ ನೋಟಬುಕ್ಕಿನ ಹಾಳೆಗಳನ್ನು ತಿರುವಿ, "ಅವ್ವಾರ ಕೈ ಎಷ್ಟ್ ಹಗೂರ ಐತ್ರಿ" ಎಂದಳು. ಏಣಿ ಹತ್ತಿ ಗೋಡೆಗೆ ಬರೆಯತೊಡಗಿದಳು: ಶಂಖ, ಚಕ್ರ, ನಡುವೆ ದೊಡ್ಡ ಕಮಲ, ಸುತ್ತಲೂ ಗೋಪದ್ಮ. ನಾನು ಕೆಳಗೆ ನಿಂತು "ಇನ್ ದ ಸೆಂಟರ್, ಇನ್ ದ ಸೆಂಟರ್" ಎಂದು ಹೇಳುತ್ತಿದ್ದೆ. "ರಾಯರ, ನಿಮ್ಮ ಇಂಗ್ಲೀಷು ಗ್ವಾಡಿಗೆ ತಿಳಿಯಂಗಿಲ್ರಿ. ಸುಮ್ನ ಏಣಿ ಹಿಡೀರಿ" ಎಂದಳು. ಹಿಡಿದೆ. ನಾನು ಮಾಡಿದ್ದು ಅಷ್ಟೇ.

ಇನ್ನು ದೀಪಾವಳಿ ಪಾಡ್ಯದ ದಿನದ ಮಾತು. ಹೋಟೆಲಿನ ಇಬ್ಬರು ಬಂದರು, ಊರವರೂ ಬಂದರು. ಹುಬ್ಬಳ್ಳಿಯಿಂದ ತರಿಸಿದ ಗಾಜಿನ ಲೋಟಗಳು ದಾರಿಯಲ್ಲೇ ಒಡೆದಿದ್ದವು. ಕರಬಸಪ್ಪ ಒಂದು ಹಿತ್ತಾಳೆ ಬೋಗುಣಿಗೆ ವೈನ್ ಸುರಿದು, ಚಮಚ ಹಿಡಿದು ನಿಂತ. ಹೋಟೆಲಿನವರು ಹೊಸ್ತಿಲಲ್ಲಿ ನಿಂತು ಗೋಡೆ ನೋಡಿದರು, ಬೂಟು ಕಳಚಿದರು. ಸಾಲಿನಲ್ಲಿ ಮೊದಲು ಇದ್ದವಳು ಮುದುಕಿ ದುರಗವ್ವ. ಎಡಗೈ ಕೆಳಗಿಟ್ಟು ಬಲಗೈ ಬೊಗಸೆ ಮಾಡಿ ಹಿಡಿದಳು. ಸದ್ದಿಲ್ಲದೆ ಹೀರಿದಳು. ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು, "ಇವತ್ತ ತುಳಸಿ ಹಾಕಿಲ್ಲೇನ್ರಿ ತೀರ್ಥಕ್ಕ?" ಎಂದು ಕೇಳಿದಳು.

ಅವಳ ಹಿಂದಿನವರೆಲ್ಲ ಹಾಗೇ ಮಾಡಿದರು. ಹೋಟೆಲಿನವರೂ ಮಾಡಿದರು! ನನ್ನ ಸರದಿ ಬಂದಾಗ ನನ್ನ ಕೈಯೂ ತಾನಾಗಿ ಮುಂದೆ ಹೋಯಿತು, ಅರವತ್ತು ವರ್ಷದ ರೂಢಿ. ಚಮಚ ಬಾಗಿತು. ಬೊಗಸೆಗೆ ಬಿದ್ದದ್ದನ್ನು ನೆಲಕ್ಕೆ ಚೆಲ್ಲುವ ಪದ್ಧತಿ ನಮ್ಮಲ್ಲಿಲ್ಲ. ಮುಂದಿನದನ್ನು ನೀನು ಕೇಳಬೇಡ. ದ್ರಾಕ್ಷಾರಿಷ್ಟದಷ್ಟು ಒಗರು ಇರಲಿಲ್ಲ ಎಂದಷ್ಟೇ ಬರೆಯುತ್ತೇನೆ.

"ರಾಯರ, ನನ್ನ ಧಂದೆ ಹೋಗಿ ಮಠಾ ಮಾಡಿಬಿಟ್ರಲ್ರಿ!" ಎಂದು ಕರಬಸಪ್ಪ ತಲೆ ಚಚ್ಚಿಕೊಂಡ. ಆದರೆ ಹೋಟೆಲಿನವರು ಮಾಲು ಬೇಕೆಂದೇ ಹೋದರು. ಇಷ್ಟು ಸಮಾಧಾನದಿಂದ ಕುಡಿಯುವ ಜನರನ್ನು ತಾವು ಎಲ್ಲಿಯೂ ಕಂಡಿಲ್ಲ ಎಂದರಂತೆ. ಇಂದಿರಾ, ಆ ಕೋಣೆಯಲ್ಲಿ ಇದುವರೆಗೆ ಒಬ್ಬನೂ ದನಿ ಏರಿಸಿಲ್ಲ. ನಿನ್ನ ಅವ್ವನ ಮುಂದೆ ಯಾರಾದರೂ ಏರಿಸುತ್ತಿದ್ದರೇನು?

ನಿನ್ನ ಪತ್ರವನ್ನು ಕರಬಸಪ್ಪನಿಗೆ ಓದಿ ಹೇಳಿದೆ. ನಗಲಿಲ್ಲ. "ಅಕ್ಕಾರು ಒಂದ್ ಮಾತು ಅಂದ್ರ ಸಾಕ್ರಿ, ನಾನ ಬಳೀತೇನಿ" ಎಂದು ಬಕೆಟಿನಲ್ಲಿ ಸುಣ್ಣ ನೆನೆಸಿಟ್ಟಿದ್ದಾನೆ. ಈಗ ಎಲ್ಲವೂ ನಿನ್ನ ಕೈಯಲ್ಲಿದೆ. ಪಂಚಮಿಗೆ ಶ್ರಾದ್ಧ, ನೀನು ತದಿಗೆಗೇ ಬಾ. ಮರುದಿನ ಮುಂಜಾನೆಯ ಬಸ್ಸಿಗೆ ಹತ್ತಿಮತ್ತೂರಿಗೆ ಹೋಗೋಣ. ಆ ಗೋಡೆಗೆ ಎಳೆಬಿಸಿಲು ಬೀಳುತ್ತದೆ. ಒಂದು ಸಲ ನೋಡು. ನೋಡಿದ ಮೇಲೂ ಅಳಿಸು ಎಂದರೆ ನಾನು ಎದುರಾಡುವುದಿಲ್ಲ. ಪ್ರಾಮಿಸ್ ಈಸ್ ಪ್ರಾಮಿಸ್. ನೋಟಬುಕ್ಕು ಹೇಗೂ ನಿನ್ನದೇ; ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ಯುವರ್ಸ್ ಫೇತ್‌ಫುಲ್ಲಿ (ಅಪ್ಪ ಮಗಳಿಗೆ ಹೀಗೆ ಬರೆಯಬಹುದೋ ಇಲ್ಲವೋ ಮರೆತಿದ್ದೇನೆ),
ನಿನ್ನ ಅಪ್ಪ
ಪ್ರಾಣೇಶ

ತಾ.ಕ.: ಏಣಿ ಹಿಡಿದದ್ದಷ್ಟೇ ಎಂದು ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೋಟಬುಕ್ಕಿನ ಕಡೆಯ ಹಾಳೆಯಲ್ಲಿ ಇರುವುದು ಮೂವತ್ತೆರಡೇ ಗೋಪದ್ಮ. "ಇನ್ನೊಂದು ನಾಳೆ ಬರೀತೇನಿ" ಎಂದು ಪೆನ್ಸಿಲ್ ಇಟ್ಟವಳು ಮತ್ತೆ ಎತ್ತಿಕೊಳ್ಳಲಿಲ್ಲ. ಹೊಳೆವ್ವ ಮೂವತ್ತೆರಡು ಬರೆದು ಕೆಳಗಿಳಿದಳು. "ಇದು ನಂದಲ್ರಿ, ನಿಮ್ಮ ಮನೀದು" ಎಂದು ಸುಣ್ಣದ ಅರಿವೆಯನ್ನು ನನ್ನ ಕೈಗೆ ಕೊಟ್ಟು, ಏಣಿಯನ್ನು ಅವಳು ಹಿಡಿದಳು. ಕಿಟಕಿಯ ಮೇಲೆ ಸೊಟ್ಟಗೆ ಇರುವುದು ನನ್ನದು; ಮೊಣಕಾಲಿನ ತಕರಾರೂ ಅಲ್ಲಿಯದೇ. ಅಳಿಸುವುದೇ ಆದರೆ ಅದೊಂದನ್ನು ನಾನೇ ಹತ್ತಿ ಅಳಿಸುತ್ತೇನೆ. ಏಣಿ ನೀನು ಹಿಡಿ.