ಲೋಟ ಬಿಡದ ಯಂತ್ರ

ಅಕ್ಕಾ,

ಇಲ್ಲಿಗೆ ಬಂದು ಸೇರಿ ತಿಂಗಳಾಯಿತು. ನೆಗಡಿಯೊಂದು ಬಿಟ್ಟರೆ ಆರೋಗ್ಯಕ್ಕೆ ಕೊರತೆಯಿಲ್ಲ. ಕೋಣೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ.

ಇಲ್ಲಿನ ಪ್ರಯೋಗಾಲಯದಲ್ಲಿ ರೋಗಿಗಳ ಕೈಗೆ ನೀರು ಕೊಡುವ ಯಂತ್ರದ ತೋಳೊಂದಿದೆ. ಲೋಟವನ್ನು ಯಾವಾಗ ಬಿಡಬೇಕೆಂದು ಅದಕ್ಕೆ ಕಲಿಸುವುದೇ ನನ್ನ ಸಂಶೋಧನೆ. ಹಿಡಿದವರು ತುಸು ಎಳೆದರೆ ಬಿಡು ಎಂದು ಕಲಿಸಿದ್ದೆ.

ಇವತ್ತು ಪರೀಕ್ಷೆಗೆ ಬಂದವರು ಪಾರ್ಶ್ವವಾಯುವಿನಿಂದ ಬಲಗೈ ಸೋತ ಮುದುಕರು, ಹಿಂದೆ ಬಸ್ ಓಡಿಸುತ್ತಿದ್ದವರು. ಆ ಕೈಯಿಂದಲೇ ಲೋಟ ಹಿಡಿದರು, ಎಳೆಯಲು ಅದರಲ್ಲಿ ಶಕ್ತಿಯಿರಲಿಲ್ಲ. ಎಳೆಯದೆ ಯಂತ್ರ ಬಿಡುವುದಿಲ್ಲ. ‘ಮೊದಲು ನೀವು’ ಎಂದು ಬಾಗಿಲಲ್ಲಿ ನಿಂತ ಬೀಗರಂತೆ ಎರಡೂ ಕಡೆಯವರು ಕಾದರು.

“ಕೊಡೋ ಮನಸ್ಸಿದ್ರೆ ಕೊಡಪ್ಪಾ, ಇಲ್ದಿದ್ರೆ ನೀನೇ ಕುಡಿ,” ಎಂದರು ಮುದುಕರು.

ಅವರ ಹೆಂಡತಿ ಎದ್ದು ಬಂದರು. “ತಡೀರಿ, ನಾನು ಕುಡಿಸ್ತೀನಿ.”

“ನೀನು ಸುಮ್ನೆ ಕೂತ್ಕೋ ಮಾರಾಯ್ತಿ. ಮನೇಲಿ ನೀನು ಬಿಡಲ್ಲ, ಇಲ್ಲಿ ಇದು ಬಿಡಲ್ಲ.”

ನಾನು ಎಳೆತದ ಅಳತೆಯನ್ನು ತೀರಾ ಇಳಿಸಿದೆ. ಈ ಸಲ ತೋಳು ಬೇಗ ಬಿಟ್ಟಿತು. ಅರ್ಧ ನೀರು ಅವರ ಅಂಗಿಯ ಮೇಲೆ ಹೋಯಿತು. ಉಳಿದರ್ಧವನ್ನು ಅವರೇ ಕುಡಿದು, ಖಾಲಿ ಲೋಟವನ್ನು ಯಂತ್ರದ ಮುಂದೆ ಚಾಚಿ, “ಇನ್ನೊಂದು,” ಎಂದರು.

ಭಾವನ ಕೈಯೂ ಹಾಗೇ ಆಗಿದೆ, ನೀನೇ ಲೋಟ ಹಿಡಿದು ಕುಡಿಸುತ್ತೀಯೆಂದು ಬರೆದಿದ್ದೆಯಲ್ಲ. ಅರ್ಧ ಲೋಟ ನೀರು ಅವರ ಕೈಗೆ ಕೊಟ್ಟು, ನೀನು ಬಿಟ್ಟುಬಿಡು. ಪಕ್ಕದಲ್ಲೊಂದು ಟವೆಲ್ ಇರಲಿ.

ಕಾರ್ಡು ತುಂಬಿತು.

ನಿನ್ನ ತಮ್ಮ